ತೂತೋ, ಗೀರೋ, ಸಪಾಟೋ: ವೇಗದ ಕಾರಿಗೆ ಬ್ರೇಕ್ ಡಿಸ್ಕ್ ಆರಿಸುವಾಗ ನೋಡಬೇಕಾದದ್ದು

ವೇಗದ ಕಾರಿಗೆ ಹೊಸ ಬ್ರೇಕ್ ಡಿಸ್ಕ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಿಸ್ಕಿನ ಮುಖದ ಮೇಲೆ. ತೂತು ಕೊರೆದದ್ದು, ಗೀರು ಹಾಕಿದ್ದು, ಎರಡೂ ಇರುವುದು, ಏನೂ ಇಲ್ಲದ ಸಪಾಟು ಡಿಸ್ಕು: ಇವುಗಳ ನಡುವೆಯೇ ಚರ್ಚೆಯೆಲ್ಲ ಮುಗಿದುಹೋಗುತ್ತದೆ. ಡಿಸ್ಕಿನ ಗುಣವನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಇದು ಕೊನೆಯದು. ಮೊದಲು ನೋಡಬೇಕಾದದ್ದು ಪ್ಯಾಡ್ (ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ತುಂಡು) ಉಜ್ಜುವ ಉಂಗುರದ ತೂಕ. ಆಮೇಲೆ ಒಳಗಿನ ಗಾಳಿದಾರಿ, ಆಮೇಲೆ ಲೋಹ, ಆಮೇಲೆ ಆ ಉಂಗುರ ಹಬ್‌ಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಯಾವ ರೀತಿ ಕೂತಿದೆ ಎಂಬುದು. ಈ ನಾಲ್ಕು ಸರಿಯಿದ್ದರೆ ಮುಖದ ಮೇಲೆ ಏನಿದ್ದರೂ ಬಹುಪಾಲು ನಡೆಯುತ್ತದೆ. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಎಷ್ಟು ಚಂದದ ಗೀರು ಹಾಕಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಈ ವಿಮರ್ಶೆ ತೂಕದಿಂದಲೇ ಶುರುವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಒಂದೇ ಒಂದು ಸಲ ಜೋರಾಗಿ ಬ್ರೇಕ್ ಒತ್ತಿ ಕಾರು ನಿಲ್ಲಿಸುವ ದೂರವನ್ನು ಯಾವ ಡಿಸ್ಕೂ ಕಡಿಮೆ ಮಾಡುವುದಿಲ್ಲ. ಮೂಲ ಬ್ರೇಕುಗಳೇ ಎಬಿಎಸ್ (ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದರೆ, ಅಲ್ಲಿಂದಾಚೆಗೆ ನಿಲ್ಲುವ ದೂರ ಟೈರಿನ ಹಿಡಿತಕ್ಕೆ ಬಿಟ್ಟದ್ದು. ಒಳ್ಳೆಯ ಡಿಸ್ಕ್ ಕೊಡುವುದು ಹತ್ತನೆಯ ಸಲವೂ ಮೊದಲ ಸಲದಂತೆಯೇ ಹಿಡಿಯುವ ಬ್ರೇಕನ್ನು. ಘಾಟಿಯ ಉದ್ದನೆಯ ಇಳಿಜಾರು, ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷದ ಓಟ: ಡಿಸ್ಕಿನ ಯೋಗ್ಯತೆ ಗೊತ್ತಾಗುವುದು ಇಂಥಲ್ಲಿ.

ತೂಕ ಮತ್ತು ಅಳತೆ

ಬ್ರೇಕ್ ಡಿಸ್ಕಿಗೆ ಎರಡೇ ಕೆಲಸ. ಕಾರಿನ ಓಟದ ಶಕ್ತಿಯನ್ನು ಬಿಸಿಯಾಗಿ ಹೀರಿಕೊಳ್ಳಬೇಕು, ಆಮೇಲೆ ಆ ಬಿಸಿಯನ್ನು ಗಾಳಿಗೆ ಬಿಡಬೇಕು. ಲೆಕ್ಕ ಹಾಕಿ ನೋಡೋಣ. 1,500 ಕೆಜಿ ತೂಕದ ಕಾರು ಗಂಟೆಗೆ 200 ಕಿಮೀ ವೇಗದಿಂದ 100ಕ್ಕೆ ಇಳಿಯುವಾಗ ಸುಮಾರು 1.74 ಮೆಗಾಜೂಲ್ ಶಕ್ತಿ ಬಿಸಿಯಾಗುತ್ತದೆ. ಅದರಲ್ಲಿ ಶೇ 70ರಷ್ಟು ಮುಂದಿನ ಬ್ರೇಕುಗಳ ಪಾಲು ಎಂದಿಟ್ಟುಕೊಂಡರೆ, ಮುಂದಿನ ಒಂದೊಂದು ಡಿಸ್ಕಿಗೆ 0.6 ಮೆಗಾಜೂಲ್ ಬಂತು. ಉಂಗುರದ ತೂಕ 8 ಕೆಜಿ ಇದ್ದರೆ ಆ ಒಂದೇ ಬ್ರೇಕಿಗೆ ಉಷ್ಣತೆ ಸರಾಸರಿ 160 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. 6.5 ಕೆಜಿ ಉಂಗುರವಾದರೆ 195 ಡಿಗ್ರಿ. ಈ ಏರಿಕೆಯೆಲ್ಲ ಮೂರು ಸೆಕೆಂಡಿನೊಳಗೆ ಆಗಿಬಿಡುತ್ತದೆ. ಅಷ್ಟರಲ್ಲಿ ಗಾಳಿ ಏನೂ ಮಾಡಲಾರದು. ಲೋಹವೇ ಅದನ್ನು ತಡೆದುಕೊಳ್ಳಬೇಕು. ಗಾಳಿಯ ಕೆಲಸ ಶುರುವಾಗುವುದು ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗಿನ ಓಟದಲ್ಲಿ.

ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ಉಂಗುರದ ತೂಕ ಎಷ್ಟು? ಇಡೀ ಡಿಸ್ಕಿನ ತೂಕ ಕೇಳಿ ಸುಮ್ಮನಾದರೆ ಸಾಲದು. ಹಬ್ ಮೇಲೆ ಕೂರುವ ನಡುವಿನ ಟೊಪ್ಪಿಗೆಯಂಥ ಭಾಗ, ಅಂದರೆ ಬೆಲ್, ಬಿಸಿ ಹೀರುವುದರಲ್ಲಿ ಹೆಚ್ಚು ಪಾಲು ವಹಿಸುವುದಿಲ್ಲ. ಮೂಲ ಡಿಸ್ಕಿನ ಅಳತೆಯದ್ದೇ ಎಂದು ಮಾರುವ ಅಗ್ಗದ ಡಿಸ್ಕುಗಳಲ್ಲಿ ಹೊರಗಿನ ದಪ್ಪ ಸರಿಯಾಗಿರುತ್ತದೆ, ಆದರೆ ಎರಡೂ ಬದಿಯ ಹಲಗೆಗಳು ತೆಳ್ಳಗಿದ್ದು ನಡುವಿನ ಸಂದು ಅಗಲವಾಗಿರುತ್ತದೆ. ಇದನ್ನು ಹಿಡಿಯಲು ವರ್ನಿಯರ್ ಸಾಕು. ಅಂಚಿನಲ್ಲಿ ಹೊರಹಲಗೆ, ಸಂದು, ಒಳಹಲಗೆ ಮೂರನ್ನೂ ಬೇರೆ ಬೇರೆ ಅಳೆಯಿರಿ, ಮೂಲ ಡಿಸ್ಕಿನ ಪಕ್ಕದಲ್ಲಿಟ್ಟು ಹೋಲಿಸಿ. ತಕ್ಕಡಿಯಲ್ಲಿಟ್ಟಾಗ ಅರ್ಧ ಕೆಜಿ, ಮುಕ್ಕಾಲು ಕೆಜಿ ಕಡಿಮೆ ಬಂದರೆ ಅದು ಎಲ್ಲಿಂದ ಹೋಯಿತು ಎಂಬುದು ಈ ಅಳತೆಯಲ್ಲಿ ಗೊತ್ತಾಗುತ್ತದೆ.

ವ್ಯಾಸ ಹೆಚ್ಚಿದರೆ ಎರಡು ಲಾಭ. ಪ್ಯಾಡ್ ನಡುವಿನಿಂದ ದೂರದಲ್ಲಿ ಹಿಡಿಯುವುದರಿಂದ ಅದೇ ಒತ್ತಡಕ್ಕೆ ಹೆಚ್ಚು ತಿರುಚುಬಲ ಸಿಗುತ್ತದೆ. ಬಿಸಿ ಹೀರುವ ಲೋಹವೂ ಹೆಚ್ಚುತ್ತದೆ. ಆದರೆ ಮುಂದಿನ ಡಿಸ್ಕನ್ನು ಮಾತ್ರ ದೊಡ್ಡದು ಮಾಡಿ ಹಿಂದಿನದನ್ನು ಹಾಗೇ ಬಿಟ್ಟರೆ ಬ್ರೇಕಿನ ಹಂಚಿಕೆ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರುಗಳು ಬೇಗ ಸೋಲುತ್ತವೆ, ಹಿಂದಿನವು ತಮ್ಮ ಪಾಲಿನ ಕೆಲಸ ಮಾಡದೆ ಉಳಿಯುತ್ತವೆ. ನಿಲ್ಲುವ ದೂರ ಹೆಚ್ಚಿದರೂ ಆಶ್ಚರ್ಯವಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಅಳತೆಯನ್ನೂ ಸೇರಿಸಿ ಲೆಕ್ಕ ಹಾಕಿರುವ ಸೆಟ್ ಮಾತ್ರ ಕೊಳ್ಳುವುದು ಒಳಿತು. ಚಕ್ರದ ವಿಷಯಕ್ಕೆ ಬಂದರೆ ಸಾಮಾನ್ಯವಾಗಿ 330 ಮಿಮೀ ಡಿಸ್ಕಿಗೆ 17 ಇಂಚು, 355ಕ್ಕೆ 18 ಇಂಚು, 380ಕ್ಕೆ 19 ಇಂಚಿನ ಚಕ್ರ ಬೇಕಾಗುತ್ತದೆ. ಇಂಚು ಸರಿಹೊಂದಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕ್ಯಾಲಿಪರಿನ ಹೊರಮೈ ಚಕ್ರದ ಕಡ್ಡಿಗಳಿಗೆ ತಾಗುವುದೇ ಹೆಚ್ಚು. ರಟ್ಟಿನ ಮಾದರಿ ಕತ್ತರಿಸಿ ಚಕ್ರದೊಳಗೆ ತಿರುಗಿಸಿ ನೋಡಿ. ಸುತ್ತಲೂ ಕಡೇಪಕ್ಷ 3 ಮಿಮೀ ಜಾಗ ಉಳಿಯಬೇಕು.

ಒಳಗಿನ ಗಾಳಿದಾರಿ

ಎರಡು ಹಲಗೆಗಳ ನಡುವೆ ಇರುವ ರೆಕ್ಕೆಗಳನ್ನು ವೇನ್ ಎನ್ನುತ್ತಾರೆ. ಡಿಸ್ಕ್ ತಿರುಗುವಾಗ ಇವು ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತವೆ. ನೇರ ವೇನ್, ಬಾಗಿದ ವೇನ್, ಕಂಬದಂಥ ತುಂಡುಗಳನ್ನು ನಿಲ್ಲಿಸಿದ ಪಿಲ್ಲರ್ ಮಾದರಿ ಎಂದು ಮುಖ್ಯವಾಗಿ ಮೂರು ಬಗೆ. ನೇರ ವೇನಿನ ಡಿಸ್ಕನ್ನು ಎಡಕ್ಕೂ ಬಲಕ್ಕೂ ಹಾಕಬಹುದು, ಎರಕ ಹೊಯ್ಯುವುದೂ ಸುಲಭ. ಬಾಗಿದ ವೇನ್ ಹೆಚ್ಚು ಗಾಳಿ ತಳ್ಳುತ್ತದೆ, ಬಿರುಕು ನೇರವಾಗಿ ಸಾಗುವುದಕ್ಕೂ ಅಡ್ಡಿಯಾಗುತ್ತದೆ. ಪಿಲ್ಲರ್ ಮಾದರಿಯಲ್ಲಿ ಹಲಗೆಗಳಿಗೆ ಎಲ್ಲೆಡೆ ಸಮನಾದ ಆಧಾರ ಸಿಗುತ್ತದೆ. ಆಸ್ಟ್ರೇಲಿಯಾದ ಡಿಬಿಎ ಕಂಪನಿಯ ಕಾಂಗರೂ ಪಾ ವಿನ್ಯಾಸ ಇದೇ ಜಾತಿಯದು.

ಬಾಗಿದ ವೇನ್ ಕೊಂಡವರು ಎಡವುವುದು ದಿಕ್ಕಿನಲ್ಲಿ. ನಡುವಿನಿಂದ ಹೊರಗೆ ಬರುತ್ತಾ ವೇನು ತಿರುಗುವ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಬಾಗಿರಬೇಕು. ಅಂದರೆ ಡಿಸ್ಕನ್ನು ಕಾರಿಗೆ ಕೂರಿಸಿ ಮೇಲ್ತುದಿಯ ಅಂಚಿನಿಂದ ಸಂದಿಯೊಳಗೆ ಇಣುಕಿದರೆ, ವೇನಿನ ಹೊರತುದಿ ಕಾರಿನ ಹಿಂಬದಿಗೆ ವಾಲಿರಬೇಕು. ನೀರೆತ್ತುವ ಪಂಪಿನೊಳಗಿನ ಚಕ್ರದ ರೆಕ್ಕೆಗಳು ಬಾಗಿರುವುದೂ ಹೀಗೆಯೇ. ಉಲ್ಟಾ ಹಾಕಿದರೆ ಗಾಳಿಯ ಹರಿವು ಕುಗ್ಗುತ್ತದೆ, ಆ ಬದಿಯ ಡಿಸ್ಕ್ ಇನ್ನೊಂದು ಬದಿಗಿಂತ ಹೆಚ್ಚು ಬಿಸಿಯಾಗುತ್ತದೆ. ಕೆಲವು ತಯಾರಕರು ಎರಡೂ ಬದಿಗೆ ಒಂದೇ ಪಾರ್ಟ್ ನಂಬರಿನ ಬಾಗಿದ ವೇನಿನ ಡಿಸ್ಕ್ ಕೊಡುತ್ತಾರೆ. ಆಗ ಒಂದು ಬದಿ ತಪ್ಪಾಗಿಯೇ ಕೂರುತ್ತದೆ. ಊರೊಳಗೆ ಓಡಾಡುವ ಕಾರಿಗೆ ಇದರಿಂದ ತೊಂದರೆಯಿಲ್ಲ, ಟ್ರ್ಯಾಕಿಗೆ ಹೋಗುವ ಕಾರಿಗೆ ನಾನು ಅಂಥದ್ದನ್ನು ಹಾಕುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಮುಖದ ಮೇಲಿನ ಗೀರು ಯಾವ ಕಡೆಗೆ ವಾಲಿದೆ ಎಂದು ನೋಡಿ ಎಡ ಬಲ ತೀರ್ಮಾನಿಸುವವರಿದ್ದಾರೆ. ಗೀರಿನ ದಿಕ್ಕನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಇಡುತ್ತಾರೆ, ಅದರಿಂದ ಆಗುವ ವ್ಯತ್ಯಾಸವೂ ಅಲ್ಪ. ದಿಕ್ಕು ತೀರ್ಮಾನಿಸಬೇಕಾದದ್ದು ಒಳಗಿನ ವೇನ್. ಬೆಲ್ ಮೇಲೆ ಬಾಣದ ಗುರುತೋ ಎಡ ಬಲದ ಅಕ್ಷರವೋ ಇದ್ದರೆ ಅದನ್ನೇ ನಂಬಿ.

ಮುಖದ ಮೇಲೆ ಏನಿರಬೇಕು

ಸಪಾಟು ಡಿಸ್ಕಿನಿಂದಲೇ ಶುರು ಮಾಡೋಣ, ಏಕೆಂದರೆ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಿಗುತ್ತಿಲ್ಲ. ಅದರಲ್ಲಿ ಒತ್ತಡ ಒಂದೆಡೆ ಕೂಡಿಕೊಳ್ಳುವ ಜಾಗವಿಲ್ಲ, ಸದ್ದಿಲ್ಲ, ಪ್ಯಾಡ್ ಸಮನಾಗಿ ಸವೆಯುತ್ತದೆ, ಬೆಲೆಯೂ ಕಡಿಮೆ. ಒಳ್ಳೆಯ ಲೋಹದಲ್ಲಿ, ಒಳ್ಳೆಯ ವೇನಿನೊಂದಿಗೆ ಸಿಕ್ಕರೆ ಹೆದ್ದಾರಿ ಮತ್ತು ಘಾಟಿಯ ಓಟಕ್ಕೆ ಸಪಾಟು ಡಿಸ್ಕು ಧಾರಾಳವಾಗಿ ಸಾಕು. ಅಪರೂಪಕ್ಕೆ ಟ್ರ್ಯಾಕಿಗೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ. ಉಳಿದ ಹಣ ಪ್ಯಾಡಿಗೂ ಬ್ರೇಕ್ ಆಯಿಲ್‌ಗೂ ಹೋಗಲಿ.

ತೂತಿನ ಡಿಸ್ಕಿಗೆ ಒಂದು ಕಾಲದಲ್ಲಿ ನಿಜವಾದ ಕಾರಣವಿತ್ತು. ಹಳೆಯ ಪ್ಯಾಡುಗಳು ಕಾದಾಗ ಅವುಗಳ ಅಂಟು ಸುಟ್ಟು ಅನಿಲ ಹೊರಬರುತ್ತಿತ್ತು, ಆ ಅನಿಲ ಪ್ಯಾಡನ್ನು ಡಿಸ್ಕಿನಿಂದ ಎತ್ತಿ ಹಿಡಿಯುತ್ತಿತ್ತು. ತೂತುಗಳು ಅದಕ್ಕೆ ದಾರಿ ಬಿಟ್ಟವು. ಈಗಿನ ಪ್ಯಾಡುಗಳಲ್ಲಿ ಈ ಸಮಸ್ಯೆ ಬಹಳ ಕಡಿಮೆ. ಆದರೂ ತೂತಿಗೆ ಉಪಯೋಗವಿಲ್ಲ ಎನ್ನಲಾಗದು. ಮಳೆಯಲ್ಲಿ ಮೊದಲ ಒತ್ತಿಗೆ ನೀರು ಬೇಗ ಸರಿದು ಹಿಡಿತ ಸಿಗುತ್ತದೆ, ಪೆಡಲಿಗೆ ಚುರುಕಾದ ಮೊದಲ ಕಚ್ಚು ಬರುತ್ತದೆ.

ತೂತು ಕೊರೆದರೆ ತೂಕ ಹೋಗಿ ಡಿಸ್ಕ್ ಬೇಗ ಬಿಸಿಯಾಗುತ್ತದೆ ಎಂಬ ವಾದ ಲೆಕ್ಕಕ್ಕೆ ನಿಲ್ಲುವುದಿಲ್ಲ. 7 ಮಿಮೀ ದಪ್ಪದ ಎರಡು ಹಲಗೆಗಳಲ್ಲಿ 6 ಮಿಮೀ ಅಗಲದ 60 ತೂತು ಕೊರೆದರೆ ಹೋಗುವ ಕಬ್ಬಿಣ ಸುಮಾರು 170 ಗ್ರಾಂ. ಎಂಟು ಕೆಜಿ ಉಂಗುರದಲ್ಲಿ ಅದು ಶೇ 2. ತೂತಿನ ನಿಜವಾದ ಬಾಧೆ ಬಿರುಕು. ಜೋರಾಗಿ ಬ್ರೇಕ್ ಒತ್ತಿದಾಗ ಡಿಸ್ಕಿನ ಮೇಲ್ಪದರ ಒಳಗಿನ ಲೋಹಕ್ಕಿಂತ ಬೇಗ ಕಾಯುತ್ತದೆ, ಹಿಗ್ಗಲು ನೋಡುತ್ತದೆ. ತಣ್ಣಗಿರುವ ಒಳಭಾಗ ಅದನ್ನು ಹಿಗ್ಗಲು ಬಿಡುವುದಿಲ್ಲ. ಮೇಲ್ಪದರ ಒತ್ತಿಕೊಂಡು ಅಲ್ಲೇ ಚಪ್ಪಟೆಯಾಗುತ್ತದೆ. ತಣಿದಾಗ ಅದೇ ಪದರ ಎಳೆತಕ್ಕೆ ಸಿಗುತ್ತದೆ. ಎರಕದ ಕಬ್ಬಿಣ ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು. ಒಂದು ಹಲಗೆಯನ್ನು ಎಳೆದಾಗ ಅದರಲ್ಲಿರುವ ದುಂಡನೆಯ ತೂತಿನ ಅಂಚಿನಲ್ಲಿ ಎಳೆತ ಉಳಿದೆಡೆಗಿಂತ ಸುಮಾರು ಮೂರು ಪಟ್ಟಾಗುತ್ತದೆ. ಹಾಗಾಗಿ ಪ್ರತಿ ಬಿಸಿ ತಂಪಿನ ಸುತ್ತಿಗೂ ಮೊದಲು ಸೋಲುವುದು ತೂತಿನ ಅಂಚು. ನಕ್ಷತ್ರದ ಕಿರಣದಂತೆ ಅಲ್ಲಿಂದ ಕೂದಲೆಳೆ ಬಿರುಕುಗಳು ಹೊರಟು, ಒಂದು ತೂತಿನಿಂದ ಪಕ್ಕದ ತೂತಿಗೆ ಕೂಡಿಕೊಳ್ಳುತ್ತವೆ.

ಪೋರ್ಷೆಯಂಥ ತಯಾರಕರು ಕಾರಿನ ಜೊತೆಗೇ ತೂತಿನ ಡಿಸ್ಕ್ ಕೊಡುತ್ತಾರಲ್ಲ ಎಂದು ಕೇಳಬಹುದು. ಅಲ್ಲಿ ಡಿಸ್ಕಿನ ಅಳತೆ, ವೇನಿನ ಜಾಗ, ತೂತಿನ ಜಾಗ ಮೂರನ್ನೂ ಒಟ್ಟಿಗೆ ಯೋಚಿಸಿ ವಿನ್ಯಾಸ ಮಾಡಿರುತ್ತಾರೆ. ಹಾಗಿದ್ದೂ ಟ್ರ್ಯಾಕಿನಲ್ಲಿ ಅವೂ ಬಿರುಕು ಬಿಡುತ್ತವೆ, ಅವನ್ನು ಕಾಲಕಾಲಕ್ಕೆ ನೋಡುತ್ತಿರಬೇಕು. ಸಪಾಟು ಡಿಸ್ಕಿಗೆ ಆಮೇಲೆ ತೂತು ಕೊರೆದು ಮಾರುವ ಮಾಲಿನ ಕಥೆ ಬೇರೆ. ಪರೀಕ್ಷೆ ಸರಳ: ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ತೂತು ಖಾಲಿ ಗಾಳಿದಾರಿಗೆ ತೆರೆದುಕೊಳ್ಳಬೇಕು. ವೇನಿನ ಗೋಡೆಯನ್ನು ಅರ್ಧ ಕಡಿದುಕೊಂಡು ಹೋಗಿದ್ದರೆ ಆ ಡಿಸ್ಕ್ ಬೇಡ. ತೂತಿನ ಬಾಯಿಗೆ ಬೆರಳು ಸವರಿ, ಅಂಚನ್ನು ಓರೆಯಾಗಿ ಕೆತ್ತಿ ನುಣುಪು ಮಾಡಿರಬೇಕು. ಚೂಪಾಗಿ ಕೊರೆಯುವಂತಿದ್ದರೆ ಬಿರುಕಿಗೆ ಬೀಜ ಬಿತ್ತಿದಂತೆ, ಪ್ಯಾಡನ್ನೂ ಅದು ತುರಿಯುತ್ತದೆ. ತೂತುಗಳು ಪ್ಯಾಡಿನ ಪುಡಿಯಿಂದ ಕಟ್ಟಿಕೊಳ್ಳುತ್ತವೆ ಎಂಬುದೂ ನೆನಪಿರಲಿ. ಅದೇ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಿಡಿಸಬೇಕು, ಮಷಿನ್ ಹಾಕಬಾರದು.

ಟ್ರ್ಯಾಕಿಗೆ ನನ್ನ ಆಯ್ಕೆ ಗೀರಿನ ಡಿಸ್ಕು. ಪ್ರತಿ ಸುತ್ತಿಗೂ ಗೀರು ಪ್ಯಾಡಿನ ಮುಖವನ್ನು ತೆಳ್ಳಗೆ ಕೆರೆದು, ಗಾಜಿನಂತೆ ಗಟ್ಟಿಯಾದ ಪದರ ಕಟ್ಟದಂತೆ ನೋಡಿಕೊಳ್ಳುತ್ತದೆ. ಪುಡಿಗೂ ಅನಿಲಕ್ಕೂ ನೀರಿಗೂ ದಾರಿ ಕೊಡುತ್ತದೆ. ಹಲಗೆಯನ್ನು ಆರಪಾರ ಕೊರೆಯದ ಕಾರಣ ಬಿರುಕಿನ ಭಯ ತೂತಿನಷ್ಟಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪ್ಯಾಡ್ ಬೇಗ ಸವೆಯುತ್ತದೆ, ಜೋರು ವೇಗದಲ್ಲಿ ಬ್ರೇಕ್ ಒತ್ತಿದಾಗ ಗುಂಯ್ ಎನ್ನುವ ಸದ್ದು ಬರುತ್ತದೆ, ಕೆಲವು ವಿನ್ಯಾಸಗಳಲ್ಲಿ ಪೆಡಲಿನಲ್ಲಿ ಸಣ್ಣ ಕಂಪನವೂ ಗೊತ್ತಾಗುತ್ತದೆ. ಗೀರುಗಳ ಸಂಖ್ಯೆ ಹೆಚ್ಚಾದಷ್ಟು ಕಚ್ಚೂ ಹೆಚ್ಚು, ಸದ್ದೂ ಸವೆತವೂ ಹೆಚ್ಚು. ರಸ್ತೆಗೂ ಟ್ರ್ಯಾಕಿಗೂ ಒಂದೇ ಡಿಸ್ಕ್ ಬೇಕಿದ್ದರೆ ಒಂದು ಮುಖಕ್ಕೆ ಆರರಿಂದ ಎಂಟು ಗೀರು ಹದವಾದದ್ದು. ಗೀರು ಡಿಸ್ಕಿನ ಹೊರ ಅಂಚನ್ನು ಕಡಿದುಕೊಂಡು ಹೋಗಿದೆಯೋ, ಅಂಚಿಗೆ ಮುಂಚೆಯೇ ನಿಂತಿದೆಯೋ ನೋಡಿ. ಅಂಚನ್ನು ಕಡಿದದ್ದು ಪುಡಿಯನ್ನು ಚೆನ್ನಾಗಿ ಹೊರಹಾಕುತ್ತದೆ, ಆದರೆ ಬಿರುಕು ಅಂಚಿನಿಂದ ಶುರುವಾಗಲು ಅದೇ ಜಾಗವಾಗುತ್ತದೆ. ನಾನು ಅಂಚಿಗೆ ಮುಂಚೆ ನಿಂತದ್ದನ್ನೇ ಆರಿಸುತ್ತೇನೆ. ಎಪಿ ರೇಸಿಂಗ್ ಕಂಪನಿಯ ಜೆ ಹುಕ್ ವಿನ್ಯಾಸದಲ್ಲಿ ಗೀರು ಕೊಕ್ಕೆಯಂತೆ ತಿರುಚಿಕೊಂಡು ಅಲ್ಲಲ್ಲಿ ತುಂಡು ತುಂಡಾಗಿರುತ್ತದೆ. ಕಚ್ಚು ಚೆನ್ನಾಗಿರುತ್ತದೆ, ಸದ್ದಂತೂ ಇರುತ್ತದೆ.

ತೂತು ಗೀರು ಎರಡೂ ಇರುವ ಡಿಸ್ಕ್ ಹೆಚ್ಚಾಗಿ ನೋಟಕ್ಕೆ. ಎರಡರ ದೋಷವೂ ಸೇರುತ್ತದೆ, ಲಾಭ ಮಾತ್ರ ಕೂಡುವುದಿಲ್ಲ. ಆರಪಾರ ಹೋಗದ ಕುಳಿ ಹಾಕಿದ ಡಿಸ್ಕ್ ತೂತಿನ ನೋಟ ಕೊಡುತ್ತದೆ, ಬಿರುಕಿನ ಭಯ ಕಡಿಮೆ, ಡಿಸ್ಕ್ ಸವೆದಂತೆ ಕುಳಿಯೂ ಮಾಯವಾಗುತ್ತದೆ.

ಲೋಹ ಮತ್ತು ಜೋಡಣೆ

ಡಿಸ್ಕುಗಳಿಗೆ ಬಳಸುವುದು ಬೂದು ಎರಕದ ಕಬ್ಬಿಣ. ಅದರೊಳಗೆ ಗ್ರಾಫೈಟ್ ಸಣ್ಣ ಪದರಗಳಾಗಿ ಹರಡಿರುತ್ತದೆ. ಬಿಸಿಯನ್ನು ಬೇಗ ಒಯ್ಯುವುದು, ಕಂಪನವನ್ನು ನುಂಗಿ ಕೀರಲು ಸದ್ದು ತಡೆಯುವುದು ಈ ಪದರಗಳ ಕೆಲಸ. ಇಂಗಾಲದ ಪ್ರಮಾಣ ಶೇ 3.6ರಿಂದ 3.9ರವರೆಗೆ ಇರುವುದನ್ನು ಹೈ ಕಾರ್ಬನ್ ಎಂದು ಮಾರುತ್ತಾರೆ. ಇದರಲ್ಲಿ ಗ್ರಾಫೈಟ್ ಹೆಚ್ಚು, ಬಿಸಿ ಹಂಚಿಕೊಳ್ಳುವ ಗುಣ ಹೆಚ್ಚು, ಸಣ್ಣ ಬಿರುಕು ಬೇಗ ಬೆಳೆಯುವುದಿಲ್ಲ. ಬಲ ಸ್ವಲ್ಪ ಕಡಿಮೆ, ಅದು ಇಲ್ಲಿ ಅಡ್ಡಿಯಲ್ಲ. ಇಷ್ಟಕ್ಕೆ ಕೊಂಚ ಹೆಚ್ಚು ಹಣ ಕೊಡುವುದು ಸರಿಯೇ. ಅತಿ ತಣ್ಣಗೆ ಮಾಡಿ ಗಟ್ಟಿ ಮಾಡಿದ್ದೇವೆ ಎಂದು ಹೇಳುವ ಕ್ರಯೋ ಡಿಸ್ಕಿಗೆ ನಾನು ಹೆಚ್ಚು ಹಣ ಕೊಡುವುದಿಲ್ಲ. ಅದೇ ಹಣಕ್ಕೆ ದಪ್ಪ ಉಂಗುರ ಸಿಗುತ್ತದೆ.

ಈಗ ಒಂದೇ ಎರಕದ ಡಿಸ್ಕೋ, ಎರಡು ತುಂಡಿನದೋ? ಟ್ರ್ಯಾಕಿಗೆ ಪದೇ ಪದೇ ಹೋಗುವವರು ಹಣ ಹಾಕಬೇಕಾದದ್ದು ಇಲ್ಲಿ. ಕಬ್ಬಿಣ ಕಾದರೆ ಹಿಗ್ಗುತ್ತದೆ. 330 ಮಿಮೀ ವ್ಯಾಸದ ಉಂಗುರ 500 ಡಿಗ್ರಿ ಏರಿದರೆ ವ್ಯಾಸ 2 ಮಿಮೀ ಹತ್ತಿರ ಹೆಚ್ಚುತ್ತದೆ. ಒಂದೇ ಎರಕದಲ್ಲಿ ನಡುವಿನ ಬೆಲ್ ತಣ್ಣಗಿದ್ದು ಉಂಗುರದ ಒಂದು ಹಲಗೆಯನ್ನು ಹಿಡಿದುಕೊಂಡಿರುತ್ತದೆ. ಆಗ ಉಂಗುರ ಚಪ್ಪಟೆಯಾಗಿ ಹಿಗ್ಗಲಾಗದೆ ತಟ್ಟೆಯಂತೆ ಒಂದು ಬದಿಗೆ ಬಗ್ಗುತ್ತದೆ. ಪ್ಯಾಡ್ ಓರೆಯಾಗಿ ಸವೆಯುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಪ್ಯಾಡನ್ನು ಹೊರತೆಗೆದಾಗ ಒಂದು ಅಂಚು ಇನ್ನೊಂದಕ್ಕಿಂತ ತೆಳ್ಳಗಿದ್ದರೆ, ಕ್ಯಾಲಿಪರ್ ಪಿನ್ನುಗಳು ಸರಿಯಾಗಿ ಜಾರುತ್ತಿದ್ದರೆ, ಈ ಬಗ್ಗುವಿಕೆಯೇ ಕಾರಣವಿರಬಹುದು.

ಎರಡು ತುಂಡಿನ ಡಿಸ್ಕಿನಲ್ಲಿ ಬೆಲ್ ಅಲ್ಯೂಮಿನಿಯಂನದು, ಉಂಗುರ ಕಬ್ಬಿಣದ್ದು, ನಡುವೆ ಬಾಬಿನ್ ಎಂಬ ಸಣ್ಣ ಗುಂಡಿಗಳು. ಉಂಗುರ ಈ ಬಾಬಿನ್ನುಗಳ ಮೇಲೆ ಹೊರಕ್ಕೆ ಜಾರಿ ಹಿಗ್ಗಬಹುದು, ಹಾಗಾಗಿ ಬಗ್ಗುವುದಿಲ್ಲ. ಒಂದೊಂದು ಡಿಸ್ಕಿಗೆ ಒಂದರಿಂದ ಎರಡು ಕೆಜಿ ತೂಕವೂ ಉಳಿಯುತ್ತದೆ. ಆ ಉಳಿತಾಯ ಬೆಲ್‌ನಿಂದ ಬರಬೇಕೇ ಹೊರತು ಉಂಗುರದಿಂದ ಬರಬಾರದು ಎಂಬುದನ್ನು ಖಚಿತ ಮಾಡಿಕೊಳ್ಳಿ. ಸವೆದಾಗ ಉಂಗುರ ಮಾತ್ರ ಬದಲಿಸಬಹುದು. ಆದರೆ ಎರಡು ತುಂಡು ಎಂದು ಹೇಳಿಕೊಳ್ಳುವ ಎಲ್ಲವೂ ಜಾರುವುದಿಲ್ಲ. ಕೆಲವು ಡಿಸ್ಕುಗಳಲ್ಲಿ ಉಂಗುರವನ್ನು ಬೋಲ್ಟಿನಿಂದ ಬಿಗಿಯಾಗಿ ಕಟ್ಟಿಬಿಟ್ಟಿರುತ್ತಾರೆ. ಅಲ್ಲಿ ತೂಕ ಉಳಿಯಿತು ಅಷ್ಟೆ, ಹಿಗ್ಗಲು ಜಾಗವಿಲ್ಲ. ಜಾರುವ ಮಾದರಿಯಲ್ಲಿ ಹಳ್ಳದ ರಸ್ತೆಯಲ್ಲಿ ಟಕಟಕ ಸದ್ದು ಬರುತ್ತದೆ. ಅದನ್ನು ತಡೆಯಲು ಸಣ್ಣ ಸ್ಪ್ರಿಂಗ್ ಕೊಟ್ಟಿರುವ ಸೆಟ್ ರಸ್ತೆಗೆ ಅನುಕೂಲ. ಉಂಗುರ ಬದಲಿಸುವಾಗ ಹಳೆಯ ನಟ್ಟು ಬೋಲ್ಟನ್ನೇ ಹಾಕಬೇಡಿ. ಹೊಸ ಸೆಟ್ ತಂದು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ.

ಕಾರ್ಬನ್ ಸೆರಾಮಿಕ್

ಪೋರ್ಷೆ 2001ರಲ್ಲಿ 911 ಜಿಟಿ2 ಕಾರಿನಲ್ಲಿ, ಫೆರಾರಿ 2002ರಲ್ಲಿ ಎಂಜೋ ಕಾರಿನಲ್ಲಿ ಕಾರ್ಬನ್ ಸೆರಾಮಿಕ್ ಡಿಸ್ಕನ್ನು ಕೊಟ್ಟ ಮೇಲೆ ಇದು ದುಬಾರಿ ಕಾರುಗಳ ಗುರುತಾಯಿತು. ಫಾರ್ಮುಲಾ 1ರ ಕಾರ್ಬನ್ ಡಿಸ್ಕ್ ಬೇರೆ ವಸ್ತು, ಇದು ಸಿಲಿಕಾನ್ ಕಾರ್ಬೈಡ್ ಸೇರಿದ್ದು, ತಣ್ಣಗಿದ್ದಾಗಲೂ ಹಿಡಿಯುತ್ತದೆ. ಎರಕದ ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.2 ಗ್ರಾಂ ಇದ್ದರೆ ಇದರದ್ದು 2.4ರ ಆಸುಪಾಸು. ಡಿಸ್ಕಿನ ತೂಕ ಅರ್ಧಕ್ಕೆ ಇಳಿಯುತ್ತದೆ, ಚಕ್ರ ಹಗುರಾಗಿ ರಸ್ತೆಯ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತದೆ. ತುಕ್ಕಿಲ್ಲ, ಚಕ್ರಕ್ಕೆ ಕಪ್ಪು ಪುಡಿ ಬಹಳ ಕಡಿಮೆ. ರಸ್ತೆಯ ಮೇಲಷ್ಟೇ ಓಡಿಸಿದರೆ ಬಹಳ ವರ್ಷ ಬಾಳುತ್ತದೆ.

ಟ್ರ್ಯಾಕಿನಲ್ಲಿ ಪದೇ ಪದೇ ಕೆಂಪಗೆ ಕಾಯಿಸಿದರೆ ಒಳಗಿನ ಇಂಗಾಲದ ಎಳೆಗಳು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಉರಿದುಹೋಗುತ್ತವೆ. ದಪ್ಪ ಹಾಗೇ ಇರುತ್ತದೆ, ಡಿಸ್ಕ್ ಮಾತ್ರ ಸೊರಗುತ್ತದೆ. ಅದಕ್ಕೇ ಇದರ ಆಯಸ್ಸನ್ನು ತೂಕದಲ್ಲಿ ನೋಡುತ್ತಾರೆ. ಬೆಲ್ ಮೇಲೆ ಕನಿಷ್ಠ ತೂಕವನ್ನು ಗ್ರಾಮಿನಲ್ಲಿ ಕೆತ್ತಿರುತ್ತಾರೆ. ಈ ಡಿಸ್ಕ್ ಇರುವ ಹಳೆಯ ಕಾರು ಕೊಳ್ಳುವವರು ಡಿಸ್ಕ್ ಬಿಚ್ಚಿಸಿ, ತೊಳೆಸಿ, ಒಣಗಿಸಿ ತೂಗಿಸಲೇಬೇಕು. ಅಂಚು ಚೂರಾಗುವುದು ಇನ್ನೊಂದು ಅಪಾಯ. ಚಕ್ರ ತೆಗೆಯುವಾಗ ಅದು ಜಾರಿ ಡಿಸ್ಕಿಗೆ ಬಡಿದರೆ ಸಾಕು. ಚಕ್ರ ಬಿಚ್ಚುವ ಮೊದಲು ಮೇಲಿನ ಬೋಲ್ಟಿನ ಜಾಗಕ್ಕೆ ಉದ್ದನೆಯ ಗೈಡ್ ಪಿನ್ ಹಾಕಿಕೊಳ್ಳಬೇಕು. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ನನ್ನ ಸಲಹೆ ಸ್ಪಷ್ಟ: ಮೂಲ ಸೆರಾಮಿಕ್ ಡಿಸ್ಕನ್ನು ಬಿಚ್ಚಿ ಜೋಪಾನವಾಗಿಡಿ, ಅದೇ ಅಳತೆಯ ಎರಡು ತುಂಡಿನ ಕಬ್ಬಿಣದ ಡಿಸ್ಕನ್ನು ಅದಕ್ಕೆ ತಕ್ಕ ಪ್ಯಾಡಿನೊಂದಿಗೆ ಹಾಕಿ. ಸೆರಾಮಿಕ್‌ನ ಪ್ಯಾಡನ್ನು ಕಬ್ಬಿಣಕ್ಕೆ, ಕಬ್ಬಿಣದ್ದನ್ನು ಸೆರಾಮಿಕ್‌ಗೆ ಎಂದೂ ಹಾಕಬಾರದು.

ಹಾಕುವಾಗ ಕೆಡುವುದು

ಒಳ್ಳೆಯ ಡಿಸ್ಕ್ ತಂದು ಕೆಟ್ಟದಾಗಿ ಕೂರಿಸಿ ಡಿಸ್ಕನ್ನೇ ಬೈಯುವುದು ನಡೆಯುತ್ತಲೇ ಇರುತ್ತದೆ. ಹಬ್ ಮುಖದ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು, ಚಕ್ರದ ನಟ್ಟು ಕೂರುವ ಸ್ಟಡ್ಡುಗಳ ಬುಡದ ಸುತ್ತಲೂ ಬಿಡಬಾರದು. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಬೇಕು. ಡಿಸ್ಕ್ ಕೂರಿಸಿ, ನಟ್ಟುಗಳ ಕೆಳಗೆ ವಾಷರ್ ಇಟ್ಟು ಸಮನಾಗಿ ಬಿಗಿ ಮಾಡಿ, ಅಂಚಿನಿಂದ 10 ಮಿಮೀ ಒಳಗೆ ಡಯಲ್ ಗೇಜ್ ಮುಟ್ಟಿಸಿ ಒಂದು ಸುತ್ತು ತಿರುಗಿಸಿ. ಮುಳ್ಳಿನ ಓಲಾಟ 0.05 ಮಿಮೀ ಒಳಗಿರಬೇಕು. ಹೆಚ್ಚಿದ್ದರೆ ಡಿಸ್ಕನ್ನು ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಹೀಗೆ ಎಲ್ಲ ಜಾಗಗಳನ್ನೂ ನೋಡಿ, ಕಡಿಮೆ ಓಲಾಡುವ ಜಾಗಕ್ಕೆ ಬಣ್ಣದ ಗುರುತು ಹಾಕಿ. ಚಕ್ರದ ನಟ್ಟನ್ನು ಗ್ಯಾರೇಜಿನ ನಟ್ಟು ಬಿಗಿಯುವ ಗನ್ನಿನಿಂದ ಬಿಗಿ ಮಾಡಿಸಬೇಡಿ. ಟಾರ್ಕ್ ರೆಂಚಿನಿಂದ, ಎದುರುಬದುರಿನ ಕ್ರಮದಲ್ಲಿ ಬಿಗಿಯಿರಿ.

ಈ ಓಲಾಟ ಅಂದೇ ಗೊತ್ತಾಗುವುದಿಲ್ಲ ಎಂಬುದೇ ತೊಡಕು. ಬ್ರೇಕ್ ಒತ್ತದಿದ್ದಾಗಲೂ ಡಿಸ್ಕಿನ ಎತ್ತರದ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಅಲ್ಲಿ ಡಿಸ್ಕ್ ಸವೆಯುತ್ತದೆ ಇಲ್ಲವೇ ಪ್ಯಾಡಿನ ವಸ್ತು ಮೆತ್ತಿಕೊಳ್ಳುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ದಪ್ಪದಲ್ಲಿ 0.02 ಮಿಮೀ ವ್ಯತ್ಯಾಸ ಬಂದರೂ ಸ್ಟೀರಿಂಗ್ ನಡುಗುತ್ತದೆ. ಜನ ಇದನ್ನು ಡಿಸ್ಕ್ ಸೊಟ್ಟಗಾಗಿದೆ ಎನ್ನುತ್ತಾರೆ. ಸೊಟ್ಟಗಾದ ಡಿಸ್ಕ್ ನಿಜವಾಗಿ ಅಪರೂಪ, ಬಹುಪಾಲು ಇದು ದಪ್ಪದ ವ್ಯತ್ಯಾಸ. ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ಅಳೆದರೆ ಸತ್ಯ ಹೊರಬೀಳುತ್ತದೆ.

ಹೊಸ ಡಿಸ್ಕಿಗೂ ಪ್ಯಾಡಿಗೂ ಹೊಂದಾಣಿಕೆ ಮಾಡಿಸುವುದನ್ನು ಬಿಡಬಾರದು. ಖಾಲಿ ರಸ್ತೆಯಲ್ಲಿ ಗಂಟೆಗೆ 100 ಕಿಮೀನಿಂದ 20ಕ್ಕೆ, ಎಬಿಎಸ್ ಕೆಲಸ ಮಾಡದಷ್ಟು ಗಟ್ಟಿಯಾಗಿ, ಎಂಟರಿಂದ ಹತ್ತು ಸಲ ಇಳಿಸಿ. ನಡುವೆ ಕಾರು ಪೂರ್ತಿ ನಿಲ್ಲಬಾರದು. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅದೇ ಆಕಾರದ ಕಲೆ ಅಚ್ಚಾಗುತ್ತದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ, ಇನ್ನೊಮ್ಮೆ ಅದೇ ಕ್ರಮ. ಮುಖದ ಮೇಲೆ ಸುತ್ತಲೂ ಒಂದೇ ಸಮನಾದ ಬೂದುನೀಲಿ ಪದರ ಕಂಡರೆ ಸರಿಯಾಗಿದೆ ಎಂದರ್ಥ. ಪ್ಯಾಡಿನ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಬೇರೆ ಜಾತಿಯ ಪ್ಯಾಡಿಗೆ ಬದಲಿಸುವಾಗ ಹಳೆಯ ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು ಹೊಸದಾಗಿ ಹೊಂದಿಸಬೇಕು.

ಮುಖದ ಮೇಲೆ ಗಾಢನೀಲಿ ಮಚ್ಚೆಗಳು ಎದ್ದು, ಅರ ತಾಗಿಸಿದರೂ ಜಾರುವಷ್ಟು ಗಟ್ಟಿಯಾಗಿದ್ದರೆ ಅಲ್ಲಿ ಉಷ್ಣತೆ 700 ಡಿಗ್ರಿ ದಾಟಿ ಕಬ್ಬಿಣದ ರಚನೆಯೇ ಬದಲಾಗಿ ಸಿಮೆಂಟೈಟ್ ಎಂಬ ಗಡಸು ವಸ್ತುವಾಗಿದೆ. ಲೇತಿನಲ್ಲಿ ತಿರುಗಿಸಿ ಮೇಲ್ಮೈ ಸರಿಮಾಡಿದರೂ ಅದು ಆಳಕ್ಕೆ ಇಳಿದಿರುತ್ತದೆ, ನಡುಕ ಮರಳುತ್ತದೆ. ಆ ಡಿಸ್ಕನ್ನು ಬದಲಿಸುವುದೊಂದೇ ದಾರಿ.

ಎಷ್ಟು ಬಿಸಿಯಾಗುತ್ತಿದೆ ಎಂದು ತಿಳಿಯಲು ಡಿಸ್ಕಿನ ಹೊರ ಅಂಚಿಗೆ ಹಚ್ಚುವ ಉಷ್ಣತೆಯ ಬಣ್ಣ ಸಿಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ಕೆಂಪೂ ಮಾಸಿದ್ದರೆ ಡಿಸ್ಕಿನ ವಿನ್ಯಾಸ ಬದಲಿಸುವ ಮೊದಲು ಗಾಳಿಯ ಕೊಳವೆ ಹಾಕಿಸಿ. ಆ ಕೊಳವೆ ಗಾಳಿಯನ್ನು ಡಿಸ್ಕಿನ ನಡುವಿನ ಬಾಯಿಗೆ ತಲುಪಿಸಬೇಕು. ಒಳಮುಖದ ಮೇಲೆ ಊದಿದರೆ ಒಂದು ಬದಿ ತಣಿದು ಇನ್ನೊಂದು ಕಾದು, ಬಗ್ಗುವುದೂ ಬಿರಿಯುವುದೂ ಹೆಚ್ಚುತ್ತದೆ. ಬ್ರೇಕ್ ಆಯಿಲ್ ಕೂಡ ನೋಡಿ. ಡಾಟ್ 4 ದರ್ಜೆಗೆ ಹೊಸದಾಗಿದ್ದಾಗ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ ಇರಬೇಕು, ನೀರು ಹೀರಿದ ಮೇಲೆ ಕನಿಷ್ಠ 155. ಕಾದಾಗ ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಆಯಿಲ್ ಕುದ್ದಿದೆ. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಎರಡಕ್ಕೂ ತೂತಿನ ಡಿಸ್ಕ್ ಮದ್ದಲ್ಲ.

ಟ್ರ್ಯಾಕಿನಿಂದ ಬರುವಾಗ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ, ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಚಕ್ರಕ್ಕೆ ಅಡ್ಡಗಟ್ಟಿ ಇಡಿ. ತಣಿದ ಮೇಲೆ ಟಾರ್ಚ್ ಹಿಡಿದು ಎರಡೂ ಮುಖ ನೋಡಬೇಕು, ಒಳಮುಖವನ್ನು ಮರೆಯುವವರೇ ಹೆಚ್ಚು. ಮೇಲ್ಮೈಯಲ್ಲಿ ಜಾಲದಂತೆ ಹರಡಿದ, ಉಗುರಿಗೆ ಸಿಗದ ಗೆರೆಗಳು ಸಹಜ. ಉಗುರು ಸಿಕ್ಕಿಕೊಳ್ಳುವ ಗೆರೆಯ ತುದಿಗೆ ಗುರುತು ಹಾಕಿ, ಮುಂದಿನ ಸಲ ಬೆಳೆದಿದೆಯೇ ನೋಡಿ. ಬಿರುಕು ತೂತಿಂದ ತೂತಿಗೆ ಕೂಡಿದ್ದರೆ, ಒಳ ಅಂಚನ್ನೋ ಹೊರ ಅಂಚನ್ನೋ ಮುಟ್ಟಿದ್ದರೆ ಆ ಡಿಸ್ಕಿನಲ್ಲಿ ಮನೆಯವರೆಗೂ ಓಡಿಸಬಾರದು. ದಪ್ಪ ಅಳೆಯುವಾಗ ಅಂಚಿನಲ್ಲಿ ಸವೆಯದೆ ಉಳಿದ ದಿಬ್ಬದ ಮೇಲೆ ಇಡದೆ, ಪ್ಯಾಡ್ ಉಜ್ಜುವ ಜಾಗದಲ್ಲೇ ಮೈಕ್ರೋಮೀಟರ್ ಇಡಿ. ಬೆಲ್ ಮೇಲೆ ಕೆತ್ತಿರುವ ಕನಿಷ್ಠ ದಪ್ಪ ಹೊಸ ಡಿಸ್ಕಿಗಿಂತ ಸಾಮಾನ್ಯವಾಗಿ 2 ಮಿಮೀ ಮಾತ್ರ ಕಡಿಮೆ ಇರುತ್ತದೆ. ಅದು ಸಮೀಪಿಸಿದ ಡಿಸ್ಕ್ ರಸ್ತೆಗೆ ಇನ್ನೂ ಕೆಲವು ದಿನ ಬಂದೀತು, ಟ್ರ್ಯಾಕಿಗೆ ಬೇಡ. ಬದಲಿಸುವುದಾದರೆ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ.